ಒಳಗಾಜಿನ ಮಂಕು

ಕಂತು ಏಳು

"ಮುಟ್ಟಬೇಡ!"

ವಿಮಲಾ ಕೂಗಿದ ರಭಸಕ್ಕೆ ಹರ್ಷಿಣಿ ಚಾಚಿದ್ದ ಬೆರಳು ಗಾಳಿಯಲ್ಲೇ ನಿಂತಿತು.

"ದೊಡ್ಡಮ್ಮಾ, ಬಾಂಬ್ ಏನಾದ್ರೂ ಇಟ್ಟಿದ್ದಾರಾ? ಸಿರ್ಫ್ ಫೋಟೋ ಫ್ರೇಮಿನ ಗ್ಲಾಸ್ ತಾನೆ!"

"ನಿನ್ನೆ ಸಂಜೆ ಅದು ಬರೀ ಗ್ಲಾಸು. ಇವತ್ತು ಅದೇ ಸಾಕ್ಷಿ. ಅಂಚು ಹಿಡ್ಕೊಂಡು ಮೆಲ್ಲಗೆ ಎತ್ತು."

ಶನಿವಾರ ಬೆಳಿಗ್ಗೆ ಏಳೂವರೆ. ಜನವರಿಯ ಮಂಜು ನೋಯ್ಡಾದಲ್ಲಿ ಮಿಲಿಟರಿಯವರ ಆ ಫೌಜಿ ಕಾಲೊನಿಯನ್ನು ಇಡಿಯಾಗಿ ನುಂಗಿ ಕುಳಿತಿತ್ತು. ಗ್ಯಾರೇಜಿನೊಳಗೆ ಒಂದು ಬಡಕಲು ಬಲ್ಬು. ಅದರ ಕೆಳಗೆ ಮಾಚಮ್ಮನವರ ಬೂದು ಬಣ್ಣದ ಫಿಯೆಟ್. ಅರವತ್ನಾಲ್ಕನೇ ಇಸವಿಯ ಗಾಡಿ, ನಲವತ್ತೆರಡು ವರ್ಷದ ಪ್ರಾಯ, ಇವತ್ತಿಗೂ ಒಂದೇ ತಿರುವಿಗೆ ಎದ್ದು ಕೂರುತ್ತದೆ. ಆದರೆ ಅದರ ಮುಂಗಾಜಿನ ಒಳಮೈಗೆ ತೆಳು ಕೆನೆಯಂಥ ಮಂಕು ಕಟ್ಟಿತ್ತು. ನಿನ್ನೆ ನಾಲ್ಕು ಗಂಟೆಗೆ ವಿಮಲಾ ಕೈಯಾರೆ ಸ್ಪಿರಿಟ್ ಹಾಕಿ ತಿಕ್ಕಿ ತಿಕ್ಕಿ ಫಳಫಳ ಮಾಡಿ ಹೋಗಿದ್ದ ಗಾಜು ಅದು.

ಎರಡು ವಾರದ ಹಿಂದೆ ಇದೇ ಮಂಕಿನಿಂದ ದಾರಿ ಕಾಣದೆ ಮಾಚಮ್ಮ ಕಾಲೊನಿಯ ಗೇಟಿನ ಕಂಬಕ್ಕೆ ಕಾರು ತಾಗಿಸಿದ್ದರು. ಕಾವಲುಗಾರ ಪಕ್ಕಕ್ಕೆ ಹಾರಿ ಮೊಣಕಾಲು ತರಚಿಕೊಂಡಿದ್ದ. ಅಂದೇ ಮಗ ಸೋಮಣ್ಣ ತೀರ್ಪು ಕೊಟ್ಟಿದ್ದ: ಗಾಜಿಗೆ ಏನೂ ಆಗಿಲ್ಲ, ಎಪ್ಪತ್ನಾಲ್ಕರ ಕಣ್ಣಿಗೆ ಆಗಿದೆ. ನಾಳೆ, ಭಾನುವಾರ ಹತ್ತು ಗಂಟೆಗೆ, ಕೀ ಅವನ ಕೈಗೆ. ಕಾರು ಹಳೇ ಗಾಡಿ ಕೊಳ್ಳುವವನ ಪಾಲಿಗೆ.

ಮಾಚಮ್ಮ ವಿಮಲಾಳನ್ನು ಕರೆಸಿಕೊಂಡು ಕೇಳಿದ್ದು ಒಂದೇ ಪ್ರಶ್ನೆ. ನನ್ನ ಕಣ್ಣೋ, ಗಾಜೋ?

ಈ ಪ್ರಶ್ನೆಗೆ ದೆಹಲಿಯಲ್ಲಿ ಇವಳಿಗಿಂತ ತಕ್ಕವರು ಸಿಗುವುದು ಕಷ್ಟ. ಸರಕಾರದ ಪ್ರಯೋಗಾಲಯವೊಂದರ ಗಾಜಿನ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಸವೆಸಿದವಳು ಅವಳು. ಒಡೆದ ಹೆಡ್‌ಲೈಟಿನ ಚೂರು ನೋಡಿ ಲಾರಿಯ ಜಾತಕ ಹೇಳುತ್ತಿದ್ದಳು. ಸ್ವಯಂನಿವೃತ್ತಿ ಪಡೆದು ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿ ಗಂಡ ಮುರಳೀಧರನ ಮೇಲೆ ಪತ್ತೇದಾರಿ ನಡೆಸುತ್ತಾ ಕೂತಿದ್ದಾಗ ಈ ಕೆಲಸ ಬಂತು. ಆ ಮನುಷ್ಯ ಕದ್ದು ಸಮೋಸ ತಿನ್ನುವುದರ ಹೊರತು ಬೇರೆ ಅಪರಾಧ ಮಾಡಿದವನಲ್ಲ. ಹೀಗಾಗಿ ವಿಮಲಾ ಹಸಿದ ಹುಲಿಯಾಗಿದ್ದಳು.

ಹರ್ಷಿಣಿ ಅವಳ ತಂಗಿಯ ಮಗಳು. ಹುಟ್ಟಿ ಬೆಳೆದದ್ದು ಪೀತಮ್‌ಪುರ, ಆಫೀಸು ನೋಯ್ಡಾ. ಇವತ್ತು ರಜೆಯಾದ್ದರಿಂದ ಸಾರಥಿಯ ಪಾತ್ರ.

ಫೋಟೋ ಫ್ರೇಮಿನ ಮೂರು ಗಾಜಿನ ತುಂಡುಗಳು ಬಲ್ಬಿನ ಕೆಳಗೆ ಬಂದವು. ಒಂದನ್ನು ಮುಂದಿನ ಎಡ ಸೀಟಿನ ಎದುರಿಗೆ, ಇನ್ನೊಂದನ್ನು ಸ್ಟೀರಿಂಗಿನ ಪಕ್ಕ, ಮೂರನೆಯದನ್ನು ಹಿಂದಿನ ಸೀಟಿನ ಬೆನ್ನ ಹಿಂದೆ, ಮಂಕು ಯಾವ ಕಡೆಯಿಂದ ಏಳುತ್ತದೆಂದು ತಿಳಿಯಲು ನಿನ್ನೆ ಇಟ್ಟು ಹೋಗಿದ್ದಳು ವಿಮಲಾ.

"ಹಿಂದಿನದು?"

"ಕ್ಲೀನ್."

"ಸ್ಟೀರಿಂಗ್ ಪಕ್ಕದ್ದು?"

"ಥೋಡಾ ಥೋಡಾ."

"ಎಡಗಡೇದು?"

ಹರ್ಷಿಣಿ ಆ ತುಂಡನ್ನು ಬೆಳಕಿಗೆ ಹಿಡಿದಳು. ಅದರಾಚೆ ಬಲ್ಬೇ ಮಸುಕಾಗಿ ಕಂಡಿತು. "ದೊಡ್ಡಮ್ಮಾ, ಇದು ಫುಲ್ ಕವರ್ ಆಗಿದೆ."

ವಿಮಲಾ ಖುಷಿಯಿಂದ ಕೈ ಉಜ್ಜಿಕೊಂಡಳು. ಕರೋಲ್ ಬಾಗಿನ ಉಸ್ತಾದ್ ಮೆಕ್ಯಾನಿಕ್ ಎದೆ ತಟ್ಟಿ ಹೇಳಿದ್ದ: ಹಳೇ ರೆಕ್ಸಿನ್ ಬಿಸಿಲಿಗೆ ಬೆವರುತ್ತದೆ, ಆ ಬೆವರೇ ಗಾಜಿಗೆ ಹಿಡಿಯುತ್ತದೆ ಅಂತ. ಮಾತು ಸುಳ್ಳಲ್ಲ, ಎಷ್ಟೋ ಹಳೇ ಗಾಡಿಗಳ ರೋಗ ಅದೇ. ಆದರೆ ಈ ಜನವರಿಯ ರಾತ್ರಿ, ಮುಚ್ಚಿದ ಗ್ಯಾರೇಜಿನಲ್ಲಿ ಎಲ್ಲಿಯ ಬಿಸಿಲು? ರೆಕ್ಸಿನ್ ಸೀಟಿನ ಬೆನ್ನಿಗೇ ಇಟ್ಟ ಗಾಜು ಶುಭ್ರವಾಗಿತ್ತಲ್ಲ.

ಹೀಟರ್ ಸೋರಿಕೆ ಎನ್ನೋಣವೆಂದರೆ ಈ ಗಾಡಿಗೆ ಹೀಟರೇ ಇಲ್ಲ. ಡ್ಯಾಶ್‌ಬೋರ್ಡಿಗೆ ಏನೋ ಹೊಳಪಿನ ದ್ರವ ಬಳಿಯುತ್ತಿದ್ದ ಗಾಡಿ ಒರೆಸುವ ಭಯ್ಯಾನಿಗೆ ಮೂರು ದಿನ ರಜೆ ಕೊಟ್ಟಾಗಿತ್ತು. ಮಂಕು ರಜೆ ತೆಗೆದುಕೊಂಡಿರಲಿಲ್ಲ. ಸೋಮಣ್ಣ ಹೆಂಡತಿಗೆ ಗೊತ್ತಾಗದ ಹಾಗೆ ಸಿಗರೇಟು ಸೇದುತ್ತಾನೆಂಬುದನ್ನು ವಿಮಲಾ ಎರಡನೇ ದಿನವೇ ಪತ್ತೆ ಮಾಡಿದ್ದಳು, ಅವನ ಮೇಲೆ ಗುಮಾನಿಯನ್ನೂ ಪಟ್ಟಿದ್ದಳು. ಆದರೆ ಹೊಗೆಸೊಪ್ಪಿನ ಕರೆ ಹಳದಿ. ಇದು ಬಿಳಿ.

ಚೀಲದಿಂದ ಬ್ಲೇಡು ತೆಗೆದು ಗಾಜಿನ ಮೇಲೆ ಒಂದು ಅಂಗುಲದಷ್ಟು ಹೆರೆದಳು. ಬ್ಲೇಡಿನ ಅಂಚಿಗೆ ರವೆಯಷ್ಟು ಬಿಳಿ ಮುದ್ದೆ ಬಂತು. ಅದನ್ನು ಬೆರಳ ತುದಿಗೆ ಇಟ್ಟುಕೊಂಡಳು.

ಮೂರು ಎಣಿಸುವಷ್ಟರಲ್ಲಿ ಅದು ಕರಗಿ ನೀರಾಯಿತು.

"ಕರಗಿಹೋಯ್ತು!" ಎಂದಳು ಹರ್ಷಿಣಿ. "ಐಸ್ ಆ?"

"ಮೂಸಿ ನೋಡು."

ಹುಡುಗಿ ಮೂಗು ತಂದಳು. ಹುಬ್ಬು ಮೇಲೇರಿತು. "ಅರೇ, ಇದು ನಮ್ಮ ಬಾತ್‌ರೂಮ್ ಕಿಟಕಿ ಸ್ಮೆಲ್ಲು! ಅಮ್ಮ ಬಿಸಿಲಿಗೆ ಇಡ್ತಾಳಲ್ಲ, ಬಾಟಲಿ..."

ಕೊಬ್ಬರಿ ಎಣ್ಣೆ!

ದೆಹಲಿಯ ಚಳಿಗಾಲ ಕಂಡ ದಕ್ಷಿಣದ ಮನೆಗಳಿಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ. ನವೆಂಬರಿನಿಂದ ಫೆಬ್ರವರಿಯವರೆಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಮೇಣವಾಗಿ ಕೂರುತ್ತದೆ. ತಲೆಗೆ ಹಚ್ಚಬೇಕೆಂದರೆ ಬಿಸಿಲಿಗಿಡಬೇಕು, ಇಲ್ಲವೇ ಕಡ್ಡಿ ಹಾಕಿ ಕೆದಕಬೇಕು. ಈ ಗಾಜಿನ ಮೇಲೂ ಅದೇ ಆಗುತ್ತಿತ್ತು. ಬೆಳಿಗ್ಗೆ ಮಾಚಮ್ಮ ಕೂತಾಗ ಹೆಪ್ಪುಗಟ್ಟಿದ ಬಿಳಿ ಪರದೆ. ಮಧ್ಯಾಹ್ನ ಗಾಡಿ ಹೊರಗೆ ಬಿಸಿಲಿನಲ್ಲಿ ನಿಂತಾಗ ಕರಗಿ, ಕಂಡೂ ಕಾಣದ ಜಿಡ್ಡು. ಮಗನೂ ಮೆಕ್ಯಾನಿಕ್ಕೂ ಗಾಜು ನೋಡಿದ್ದು ಮಧ್ಯಾಹ್ನ. ಒಬ್ಬ ಮುದುಕಿಯ ಕಣ್ಣಿನ ದೋಷವೆಂದ, ಇನ್ನೊಬ್ಬ ರೆಕ್ಸಿನ್ನಿನ ಬೆವರೆಂದ.

"ಕಣ್ಣಲ್ಲ, ಗಾಜು," ಎಂದು ವಿಮಲಾ ತನಗೆ ತಾನೇ ಹೇಳಿಕೊಂಡಳು. ಎದೆ ಹಗುರಾಯಿತು. ಗೆದ್ದೆನೆಂದುಕೊಂಡಳು ಪಾಪ.

ಆದರೆ ಕಾರಿನೊಳಗೆ ಕೊಬ್ಬರಿ ಎಣ್ಣೆ ಹಾರಿ ಗಾಜಿಗೆ ಅಂಟುವುದು ಹೇಗೆ? ಎಡಬದಿಯ ಡ್ಯಾಶ್‌ಬೋರ್ಡಿನ ಮೇಲೆ ಮಾಚಮ್ಮ ಹಾಸಿದ್ದ ಕಸೂತಿಯ ಬಟ್ಟೆಯನ್ನು ಎತ್ತಿದಳು. ಕೆಳಗೆ ತಗಡಿನ ಮೇಲೆ ಎಣ್ಣೆಯ ಒಂದು ದುಂಡು ಕಲೆ. ಸೀಟಿನ ಸಂದಿಗೆ ಬೆರಳು ತೂರಿಸಿದಾಗ ಹತ್ತಿಯ ಬತ್ತಿಯ ತುಂಡೊಂದು ಸಿಕ್ಕಿತು. ತುದಿ ಮಾತ್ರ ಕಪ್ಪು, ಉಳಿದದ್ದು ಇನ್ನೂ ಎಣ್ಣೆಯಲ್ಲಿ ನೆಂದು ಗಟ್ಟಿಯಾಗಿತ್ತು.

"ಯಾರೋ ಇಲ್ಲಿ ದೀಪ ಹಚ್ತಾರೆ," ಎಂದಳು ವಿಮಲಾ. "ಪೆಟ್ರೋಲ್ ಗಾಡಿ ಒಳಗೆ, ಕಿಟಕಿ ಮುಚ್ಚಿಕೊಂಡು!"

"ಪಾಗಲ್ ಹೈ ಕ್ಯಾ?" ಎಂದಳು ಹರ್ಷಿಣಿ. ಅದಕ್ಕೆ ಉತ್ತರ ಕೊಡುವಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು.

ಮಾಚಮ್ಮ ಎರಡು ಕೈಯಲ್ಲಿ ಎರಡು ಲೋಟ ಕಾಫಿ ಹಿಡಿದು ನಿಂತಿದ್ದರು. ಸೀರೆಯ ಮೇಲೆ ಗಂಡನ ಹಸಿರು ಮಿಲಿಟರಿ ಸ್ವೆಟರು, ತೋಳು ಎರಡು ಮಡಿಕೆ. ಕರ್ನಲ್ ಚಿಣ್ಣಪ್ಪ ತೀರಿಕೊಂಡು ಎರಡು ವರ್ಷವಾದರೂ ಸ್ವೆಟರಿಗೆ ನಿವೃತ್ತಿ ಸಿಕ್ಕಿರಲಿಲ್ಲ.

"ಏನಾದ್ರೂ ಸಿಕ್ತಾ ವಿಮಲಾ?"

"ಸಿಗ್ತಾ ಇದೆ ಮಾಚಕ್ಕ. ಇದನ್ನ ಸ್ವಲ್ಪ ಮೂಸಿ ನೋಡಿ."

ಮಾಚಮ್ಮ ಗಾಜಿನ ತುಂಡಿಗೆ ಮೂಗು ಹತ್ತಿರ ತಂದು ದೀರ್ಘವಾಗಿ ಉಸಿರೆಳೆದುಕೊಂಡರು. "ಏನೂ ಇಲ್ಲಪ್ಪ," ಎಂದರು.

ಶೀತ ಇರಬೇಕು ಎಂದುಕೊಂಡಳು ವಿಮಲಾ. ಚಳಿಗಾಲದಲ್ಲಿ ಯಾರಿಗಿಲ್ಲ?

ಮಾಚಮ್ಮ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು, ಮಗುವಿನ ಜ್ವರ ನೋಡುವವರ ಹಾಗೆ. "ಗೊತ್ತಾ, ಕೊನೇ ವರ್ಷ ಅವರಿಗೆ ನಡೆಯೋಕೆ ಆಗ್ತಿರಲಿಲ್ಲ. ಸಂಜೆ ಆದ್ರೆ ಇಬ್ರೂ ಇಲ್ಲಿ ಬಂದು ಕೂರ್ತಿದ್ವಿ. ಅವರು ಎಡಗಡೆ, ನಾನು ಸ್ಟೀರಿಂಗಲ್ಲಿ. ಗಾಡಿ ಸ್ಟಾರ್ಟೇ ಮಾಡದೆ ಅವರ ಹಳೇ ಪೋಸ್ಟಿಂಗ್ ಊರಿಗೆಲ್ಲ, ಝಾನ್ಸಿಗೆ ಹೋಗ್ತಿದ್ವಿ, ಮಹೂಗೆ ಹೋಗ್ತಿದ್ವಿ. ದಾರೀಲಿ ಜಗಳ ಬೇರೆ, ಎಲ್ಲಿ ತಿರುಗಬೇಕಿತ್ತು ಅಂತ."

ನಕ್ಕರು. ಆಮೇಲೆ ನಗು ನಿಲ್ಲಿಸಿ ವಿಮಲಾಳ ಮೊಣಕೈ ಹಿಡಿದರು.

"ಕಾರು ಹೋದ್ರೆ ಹೋಗ್ಲಿ, ವಿಮಲಾ. ನನಗೆ ಭಯ ಅದಲ್ಲ. ದಿನಾ ಬೆಳಿಗ್ಗೆ ನನಗೆ ಕಾಣೋ ಪರದೆ ಬೇರೆ ಯಾರಿಗೂ ಕಾಣಲ್ಲ ಅಂದ್ರೆ... ನನ್ನ ಮೇಲೆ ನನಗೇ ನಂಬಿಕೆ ಹೋಗ್ತಾ ಇದೆ. ಸಂಜೆ ಐದಕ್ಕೆ ಬಾ. ಉತ್ತರ ಏನೇ ಇರಲಿ, ಮೊದಲು ನನಗೆ ಹೇಳು. ಸುಳ್ಳು ಹೇಳಬೇಡ."

"ಹೇಳಲ್ಲ ಮಾಚಕ್ಕ."

ಎಷ್ಟು ಸುಲಭವಾಗಿ ಕೊಟ್ಟುಬಿಟ್ಟಳು ಮಾತನ್ನು!

* * *

ಮಧ್ಯಾಹ್ನ ಮೂರಕ್ಕೆ ಮಂಜು ಹರಿದು, ಕಾಲೊನಿಯ ಪಾರ್ಕಿನಲ್ಲಿ ಬಿಸಿಲು ಬಿದ್ದಿತ್ತು. ಅದು ಬಿದ್ದ ಕಡೆಯೆಲ್ಲಾ ಜನ ಕುರ್ಚಿ ಎಳೆದುಕೊಂಡು ಕೂತಿದ್ದರು. ಮೂಲೆಯ ಬೆಂಚಿನಲ್ಲಿ ಸೋಮಣ್ಣ ಕಡಲೆಕಾಯಿ ಪೊಟ್ಟಣ ಬಿಡಿಸುತ್ತಿದ್ದ. ನಲವತ್ತಾರರ ಗಟ್ಟಿ ಆಳು, ಗುರ್‌ಗಾಂವಿನ ಕಂಪನಿಯೊಂದರಲ್ಲಿ ದೊಡ್ಡ ಕೆಲಸ, ಮಾತು ಅಪ್ಪನಂತೆ ಕತ್ತರಿಸಿದ ಹಾಗೆ.

"ನಾಳೆ ಹತ್ತಕ್ಕೆ ಗಾಡಿ ಒಯ್ಯೋಕೆ ಬರ್ತಾರೆ ಮೇಡಂ. ನಿಮ್ಮ ಪತ್ತೇದಾರಿ ಮುಗೀತಾ?"

"ಮುಗೀತು. ದೀಪ ಹಚ್ಚೋರು ಯಾರು ಅನ್ನೋದೊಂದು ಬಾಕಿ."

ಕಡಲೆಕಾಯಿ ಒಡೆಯುತ್ತಿದ್ದ ಬೆರಳುಗಳು ನಿಂತವು. "ಯಾವ ದೀಪ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ವಿಮಲಾಳಿಗೆ ಅಷ್ಟು ಸಾಕಾಯಿತು. ಕರವಸ್ತ್ರ ಬಿಚ್ಚಿ ಬತ್ತಿಯ ತುಂಡನ್ನು ಬೆಂಚಿನ ಮೇಲಿಟ್ಟಳು.

"ಈ ಊರಲ್ಲಿ ದೀಪಕ್ಕೆ ಸಾಸಿವೆ ಎಣ್ಣೆ ಹಾಕ್ತಾರೆ. ಈ ಚಳಿಗೆ ಅದು ಹೆಪ್ಪುಗಟ್ಟಲ್ಲ. ಇದು ಕೊಬ್ಬರಿ ಎಣ್ಣೆ. ನಿಮ್ಮ ಮನೆಯವರು ಸರಸು ಊರಿಂದ ಡಬ್ಬದಲ್ಲಿ ತರಿಸ್ತಾರಲ್ಲ, ಆ ಎಣ್ಣೆ. ಇನ್ನೊಂದು ವಿಷಯ. ಉರಿಯೋ ದೀಪದಿಂದ ಕಪ್ಪು ಮಸಿ ಬರುತ್ತೆ. ಆದರೆ ಎಣ್ಣೆ ಇರೋವಾಗಲೇ ಆರಿಸಿದ್ರೆ ಬತ್ತಿಯಿಂದ ಬಿಳಿ ಹೊಗೆ ಏಳುತ್ತೆ, ನೋಡಿದ್ದೀರಲ್ಲ? ಅದು ಆವಿಯಾದ ಎಣ್ಣೆ. ಕಿಟಕಿ ಮುಚ್ಚಿದ ಕಾರಲ್ಲಿ ಅದು ಎಲ್ಲಿಗೆ ಹೋಗಬೇಕು? ಗಾಜಿಗೆ. ಅಂದ್ರೆ ಯಾರೋ ದಿನಾ ದೀಪ ಹಚ್ಚಿ, ಅರ್ಧದಲ್ಲಿ ಆರಿಸ್ತಾರೆ."

ಸೋಮಣ್ಣ ಪೊಟ್ಟಣವನ್ನು ಮಡಚಿ ಪಕ್ಕಕ್ಕಿಟ್ಟ.

"ಗ್ಯಾರೇಜಿನ ಕೀ ಎರಡು. ಒಂದು ನಿಮ್ಮ ಹತ್ರ. ತೀರಿಕೊಂಡ ಅಪ್ಪನಿಗೆ ದೀಪ ಹಚ್ಚೋದು ತಪ್ಪು ಅಂತ ನಾನು ಯಾಕೆ ಹೇಳಲಿ? ಅದನ್ನ ಮುಚ್ಚಿಟ್ಟು, ಅಮ್ಮನ ಕಣ್ಣು ಹೋಗಿದೆ ಅಂತ ಕಾಲೊನಿಗೆಲ್ಲ ಸಾರಿದ್ರಲ್ಲ, ಅದು ತಪ್ಪು. ಆ ಹೆಂಗಸು ತಮ್ಮ ಕಣ್ಣನ್ನೇ ನಂಬದ ಹಾಗೆ ಆಗಿದ್ದಾರೆ ಸೋಮಣ್ಣ!"

ದನಿ ಏರಿದ್ದು ಅವಳಿಗೇ ತಿಳಿಯಿತು. ಪಕ್ಕದ ಕುರ್ಚಿಯ ಸರ್ದಾರ್ಜಿ ಪತ್ರಿಕೆ ಇಳಿಸಿ ನೋಡಿ, ಮತ್ತೆ ಏರಿಸಿಕೊಂಡರು.

"ನಾನಲ್ಲ ಮೇಡಂ," ಎಂದ ಸೋಮಣ್ಣ.

"ಮತ್ಯಾರು? ಸರಸು?"

"ಅವ್ವ."

ವಿಮಲಾ ಬೆಂಚಿನ ತುದಿಗೆ ಕೂತಳು.

"ನಾಲ್ಕು ತಿಂಗಳಾಯ್ತು," ಎಂದ ಸೋಮಣ್ಣ. ಕತ್ತರಿಸಿದ ಹಾಗಿದ್ದ ಮಾತು ಈಗ ಎಳೆ ಎಳೆಯಾಗಿ ಬರುತ್ತಿತ್ತು. "ಹೊತ್ತು ಮುಳುಗೋ ಸಮಯಕ್ಕೆ ಎದ್ದು ದೀಪ, ಎಣ್ಣೆ ತಗೊಂಡು ಕೆಳಗೆ ಹೋಗ್ತಾರೆ. ಮೊದಲ ದಿನ ಹಿಂದೇನೇ ಹೋದೆ. ಗ್ಯಾರೇಜಿನ ಸಂದಿಯಿಂದ ನೋಡಿದೆ. ಸ್ಟೀರಿಂಗ್ ಹಿಡ್ಕೊಂಡು ಕೂತಿದ್ರು. ಎಡಗಡೆ ದೀಪ. ಅಪ್ಪನ ಜೊತೆ ಮಾತಾಡ್ತಾ ಇದ್ರು. ಸೋಮ ಇವತ್ತು ಸರಿಯಾಗಿ ಊಟ ಮಾಡಲಿಲ್ಲ, ನೀವು ಸ್ವಲ್ಪ ಹೇಳಿ ಅಂತ."

ಅವನು ಕಡಲೆಕಾಯಿ ಸಿಪ್ಪೆಯನ್ನು ಅಂಗೈಯಲ್ಲಿ ಪುಡಿ ಮಾಡಿದ.

"ಅರ್ಧ ಗಂಟೆಗೆ ಮೇಲೆ ಬಂದ್ರು. ಎಲ್ಲಿ ಹೋಗಿದ್ರಿ ಅವ್ವ ಅಂದೆ. ಎಲ್ಲೂ ಇಲ್ವಲ್ಲ, ಮಲಗಿದ್ದೆ ಅಂದ್ರು. ಸುಳ್ಳು ಹೇಳಲಿಲ್ಲ ಮೇಡಂ. ಅವರಿಗೆ ನಿಜವಾಗ್ಲೂ ಗೊತ್ತಿರಲಿಲ್ಲ."

ವಿಮಲಾಳಿಗೆ ಬೆಳಿಗ್ಗೆ ಗಾಜು ಮೂಸಿ ಏನೂ ಇಲ್ಲವೆಂದ ಆ ಮುಖ ಕಣ್ಣಿಗೆ ಕಟ್ಟಿತು. ಶೀತವಲ್ಲ. ಮರೆವಿನ ರೋಗ ಒಮ್ಮೊಮ್ಮೆ ಮೂಗಿನಿಂದ ಶುರುವಾಗುತ್ತದೆಂದು ಅವಳು ಎಲ್ಲೋ ಓದಿದ್ದಳು. 

"ದೀಪ ಬಚ್ಚಿಡಬಹುದಿತ್ತಲ್ಲ?"

"ಬಚ್ಚಿಟ್ಟೆ, ಒಂದು ದಿನ. ಆ ಸಂಜೆ ಅವ್ವ ಇಡೀ ಮನೆ ಹುಡುಕಿದ್ರು. ಏನು ಹುಡುಕ್ತಿದ್ದೀನಿ ಅಂತ ಅವರಿಗೇ ಗೊತ್ತಿಲ್ಲ. ಅಳ್ತಾ ಹುಡುಕಿದ್ರು. ಮಾರನೇ ದಿನ ನಾನೇ ವಾಪಸ್ ಇಟ್ಟೆ. ಈಗ ಅವರು ಮೆಟ್ಟಿಲು ಹತ್ತಿ ಮನೆ ಸೇರೋವರೆಗೂ ಮೇಲಿನ ತಿರುವಲ್ಲಿ ನಿಂತಿರ್ತೀನಿ. ಮೊಣಕಾಲು ನೋವಲ್ವಾ, ಹತ್ತು ನಿಮಿಷ ಹಿಡಿಯುತ್ತೆ. ಆಮೇಲೆ ಓಡಿ ಹೋಗಿ ದೀಪ ಎತ್ಕೊಂಡು ಬರ್ತೀನಿ. ಅದಕ್ಕೇ ಆಫೀಸಿಂದ ದಿನಾ ಬೇಗ ಹೊರಟು ಬರ್ತೀನಿ. ಸರಸುಗೂ ಹೇಳಿಲ್ಲ."

"ಹಾಗಾದ್ರೆ ಈ ಕಣ್ಣಿನ ಮಾತು?"

"ಒಂದು ದಿನ ಬೆಂಕಿ ಹತ್ತಿದ್ರೆ? ಕಾರು ಹೋಗಲೇಬೇಕು. ಯಾಕೆ ಅಂತ ಕೇಳಿದ್ರೆ ಏನು ಹೇಳಲಿ? ಎರಡು ಯುದ್ಧದಲ್ಲಿ ಅಪ್ಪನ ಕಾಗದಕ್ಕೆ ಕಾದವರು ಅವರು. ಆಗಲೂ ಅತ್ತವರಲ್ಲ. ಅಂಥವರಿಗೆ ನಿಮ್ಮ ತಲೆ ಜಾರ್ತಾ ಇದೆ ಅಂತ ನಾನು ಹೇಳಲಾ? ಕಣ್ಣು ಅಂದೆ. ಕಣ್ಣಾದ್ರೆ ವಯಸ್ಸು ಅಂತ ಸಮಾಧಾನ ಮಾಡ್ಕೋತಾರೆ. ನನ್ನ ಮೇಲೆ ಸಿಟ್ಟು ಮಾಡ್ಕೋತಾರೆ. ಮಾಡ್ಕೊಳ್ಳಲಿ."

ಅವನು ತಲೆ ಎತ್ತಿದಾಗ ಕಣ್ಣು ಕೆಂಪಾಗಿತ್ತು. "ರೆಕ್ಸಿನ್ ಅಂತ ಹೇಳಿಬಿಡಿ ಮೇಡಂ. ಹಳೇ ಗಾಡಿ, ರಿಪೇರಿ ಆಗಲ್ಲ, ಕೊಟ್ಬಿಡಿ ಅಂತ. ಕೈ ಮುಗೀತೀನಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಒಳ್ಳೇ ಉಪಾಯವೇ. ಹತ್ತು ನಿಮಿಷದ ಹಿಂದೆ ಕಟುಕನ ಹಾಗೆ ಕಂಡಿದ್ದ ಈ ಮನುಷ್ಯನ ತಲೆ ಸವರಬೇಕೆನಿಸಿತು ವಿಮಲಾಳಿಗೆ. ಇಪ್ಪತ್ತಾರು ವರ್ಷ ಸಾವಿರಾರು ವರದಿ ಬರೆದಿದ್ದಳು, ಓದುವವರ ಮುಖ ಒಂದು ದಿನವೂ ನೋಡಿರಲಿಲ್ಲ. ಅದು ಎಂಥ ಸುಖದ ಕೆಲಸವಾಗಿತ್ತೆಂದು ಈಗ ಅರ್ಥವಾಯಿತು.

"ನಾನು ಮಾತು ಕೊಟ್ಟಿದ್ದೀನಿ ಸೋಮಣ್ಣ," ಎಂದಳು. ಬತ್ತಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಎದ್ದಳು.

* * *

ಐದು ಗಂಟೆ. ಎರಡನೇ ಮಹಡಿಯ ಮನೆಯಲ್ಲಿ ಮಾಚಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಮಡಿಲಲ್ಲಿ ಕಾರಿನ ಕೀ.

"ಕಣ್ಣೋ, ಗಾಜೋ?"

"ಗಾಜು ಮಾಚಕ್ಕ. ನಿಮ್ಮ ಕಣ್ಣು ನೋಡಿದ್ದು ನೂರಕ್ಕೆ ನೂರು ನಿಜ."

ಮಾಚಮ್ಮ ಕಣ್ಣು ಮುಚ್ಚಿಕೊಂಡರು. ಎರಡು ವಾರದಿಂದ ಹಿಡಿದಿಟ್ಟ ಉಸಿರು ಹೊರಗೆ ಬಂತು. ಆ ಮುಖ ನೋಡಿ ವಿಮಲಾಳಿಗೆ ಅಲ್ಲಿಗೇ ಎದ್ದು ಓಡಿಹೋಗಬೇಕೆನಿಸಿತು. ಓಡಲಿಲ್ಲ. ಕುರ್ಚಿಯ ಪಕ್ಕ ನೆಲದಲ್ಲಿ ಕೂತು, ಅವರ ಎರಡೂ ಕೈ ಹಿಡಿದುಕೊಂಡು, ಉಳಿದದ್ದನ್ನು ಹೇಳಿದಳು. ಎಣ್ಣೆ, ಬತ್ತಿ, ಹೊತ್ತು ಮುಳುಗುವ ಸಮಯ, ಎಡ ಸೀಟು. ಯಾವುದನ್ನೂ ಬಿಡಲಿಲ್ಲ, ಯಾವುದಕ್ಕೂ ಬಣ್ಣ ಹಚ್ಚಲಿಲ್ಲ.

"ನಾನಾ?" ಎಂದರು ಮಾಚಮ್ಮ.

"ಹೌದು ಮಾಚಕ್ಕ."

ಕೈ ಬಿಡಿಸಿಕೊಂಡು ತಮ್ಮ ಬೆರಳುಗಳನ್ನು ಮೂಸಿ ನೋಡಿಕೊಂಡರು. ಒಮ್ಮೆ. ಇನ್ನೊಮ್ಮೆ. ಏನೂ ಸಿಗಲಿಲ್ಲವೆಂದು ಮುಖವೇ ಹೇಳಿತು.

"ಸೋಮಂಗೆ ಗೊತ್ತಾ?"

"ನಾಲ್ಕು ತಿಂಗಳಿಂದ. ನಿಮಗೆ ನೋವಾಗಬಾರದು ಅಂತ ಕಣ್ಣು ಅಂದ."

"ಅಯ್ಯೋ ನನ್ನ ಮಗನೇ," ಎಂದರು ಮಾಚಮ್ಮ. "ಎಷ್ಟು ಬೈದೆ ಅವನಿಗೆ! ಅಪ್ಪನ ಗಾಡಿ ಮಾರೋ ಪಾಪಿ ಅಂದೆ. ಒಂದು ಮಾತು ವಾಪಸ್ ಆಡಲಿಲ್ಲ." ಅಳು ಬಂತು. ಅತ್ತರು. ವಿಮಲಾಳೂ ಅತ್ತಳು. ಪತ್ತೇದಾರರು ಅಳಬಾರದೆಂದು ಯಾವ ಕಾನೂನಿನಲ್ಲೂ ಇಲ್ಲ.

ಮಾಚಮ್ಮ ಮುಖ ಒರೆಸಿಕೊಂಡರು. ಆಮೇಲೆ ಹುಬ್ಬು ಕೂಡಿದವು.

"ಮಂಕು ಹೇಗೆ ಬಂತು ಅಂದೆ? ಇನ್ನೊಂದ್ಸಲ ಹೇಳು."

"ದೀಪ ಆರಿಸಿದಾಗ ಏಳೋ ಹೊಗೆಯಿಂದ."

"ಆರಿಸಿದಾಗ?"

"ಹೌದು. ಎಣ್ಣೆ ಇರುವಾಗಲೇ."

"ನಾನು ಆರಿಸೋಳಲ್ಲ," ಎಂದರು ಮಾಚಮ್ಮ. ದನಿ ಈಗ ಬೇರೆಯೇ ಆಗಿತ್ತು. "ನಮ್ಮ ಒಕ್ಕದಲ್ಲಿ, ನಮ್ಮ ಮನೆತನದಲ್ಲಿ, ಹೋದವರಿಗೆ ಹಚ್ಚಿದ ದೀಪ ಕೈಯಿಂದ ಆರಿಸೋದಿಲ್ಲ. ಅದು ತಾನಾಗೇ ಶಾಂತವಾಗಬೇಕು. ನಾಲ್ಕು ವರ್ಷದ ಮಗುವಾಗಿದ್ದಾಗಿನಿಂದ ಕೈಗೆ ಬಂದ ಅಭ್ಯಾಸ. ತಲೆ ಜಾರಿದ್ರೂ ಕೈ ಹಚ್ಚೋದನ್ನ ಮರೆತಿಲ್ಲ ಅಂತೀಯ. ಹಾಗಿದ್ರೆ ಆರಿಸಬಾರದು ಅನ್ನೋದನ್ನ ಮಾತ್ರ ಕೈ ಹೇಗೆ ಮರೆಯುತ್ತೆ?"

ಹಚ್ಚುವವರು ಯಾರು ಎಂಬುದರಲ್ಲೇ ಮುಳುಗಿ, ಆರಿಸುವವರು ಯಾರೆಂದು ಅವಳು ಕೇಳಿಕೊಂಡೇ ಇರಲಿಲ್ಲ.

"ಸೋಮಣ್ಣಾ!" ಎಂದು ಕೂಗಿದಳು.

ಅವನು ಬಾಗಿಲ ಆಚೆಯೇ ನಿಂತಿದ್ದ. ಎಲ್ಲ ಕೇಳಿಸಿಕೊಂಡ ಮುಖ. ತಾಯಿಯನ್ನು ನೋಡಲು ಧೈರ್ಯವಿಲ್ಲದೆ ನೆಲ ನೋಡುತ್ತಾ ಒಳಗೆ ಬಂದ. ಮಾಚಮ್ಮ ಅವನ ಕೈಯನ್ನು ಎಳೆದು ತಮ್ಮ ಕೆನ್ನೆಗೆ ಒತ್ತಿಕೊಂಡರು.

"ನೀವು ಕೆಳಗೆ ಹೋದಾಗ ದೀಪ ಉರೀತಾ ಇರುತ್ತಾ?" ಎಂದಳು ವಿಮಲಾ.

"ಇಲ್ಲ. ಆರಿರುತ್ತೆ. ಮೇಲೆ ಒಂದು ಸ್ಟೀಲ್ ಲೋಟ ಕವುಚಿರುತ್ತೆ."

"ದಿನಾನೂ?"

"ದಿನಾನೂ. ಅವ್ವನೇ ಮುಚ್ಚಿ ಬರ್ತಾರೆ ಅನ್ಕೊಂಡೆ."

"ಗ್ಯಾರೇಜ್ ಬಾಗಿಲು?"

"ಬೀಗ ಹಾಕಿರಲ್ಲ. ಬರೀ ಮುಂದೆ ಮಾಡಿರ್ತಾರೆ."

ಮಾಚಮ್ಮ ಮೆಟ್ಟಿಲು ಹತ್ತುವ ಹತ್ತು ನಿಮಿಷ. ಬೀಗವಿಲ್ಲದ ಬಾಗಿಲು. ನಾಲ್ಕು ತಿಂಗಳು ಒಂದು ದಿನವೂ ತಪ್ಪದೆ ಯಾರೋ ಬಂದು, ಗಾಡಿಗೆ ಬೆಂಕಿ ಹತ್ತದಂತೆ ಆ ದೀಪದ ಮೇಲೆ ಲೋಟ ಮುಚ್ಚಿ ಹೋಗಿದ್ದಾರೆ.

"ಆ ಲೋಟ ಎಲ್ಲಿ?"

ಸೋಮಣ್ಣ ದೇವರ ಗೂಡಿನ ಕೆಳಗಿನ ಡ್ರಾಯರ್ ಎಳೆದ. ಪೇಪರಿನಲ್ಲಿ ಸುತ್ತಿದ ಸಣ್ಣ ಹಿತ್ತಾಳೆ ದೀಪ, ಅದರ ಜೊತೆ ಒಂದು ಸ್ಟೀಲ್ ಲೋಟ. ಒಳಗೆಲ್ಲ ಎಣ್ಣೆಯ ಮಂಕು, ಸೊಟ್ಟಗಾದ ಅಂಚಿನ ಸಂದಿಯಿಂದ ಹೊಗೆ ಹೊರಗೆ ನುಗ್ಗಿದ ಗುರುತು. "ನಮ್ಮನೇದೇ ಇರಬೇಕು," ಎಂದ. "ದಿನಾ ದೀಪದ ಜೊತೆ ಇಲ್ಲೇ ಇಡ್ತೀನಿ, ಅವ್ವ ಎರಡನ್ನೂ ತಗೊಂಡು ಹೋಗ್ತಾರೆ. ಬುಡದಲ್ಲಿ ಏನೋ ಗೀಚಿದೆ, ಅಂಗಡಿಯವರ ಗುರುತು."

ವಿಮಲಾ ಲೋಟ ತಿರುವಿ ನೋಡಿದಳು. ಅಂಗಡಿಯವರ ಗುರುತಲ್ಲ. ನಮ್ಮ ಕಡೆ ಪಾತ್ರೆ ಕೊಂಡಾಗ ಹೆಸರು ಕೊರೆಸುತ್ತಾರಲ್ಲ, ಚುಕ್ಕಿ ಚುಕ್ಕಿಯಾಗಿ, ಹಾಗೆ ಕೊರೆದ ಮೂರು ಕನ್ನಡ ಅಕ್ಷರ. ಊರೂರಿನ ಕಂಟೋನ್ಮೆಂಟ್ ಶಾಲೆಗಳಲ್ಲಿ ಇಂಗ್ಲಿಷು ಹಿಂದಿ ಕಲಿತ ಸೋಮಣ್ಣನಿಗೆ ಕನ್ನಡ ಆಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ನಾಲ್ಕು ತಿಂಗಳು ಉತ್ತರವನ್ನು ಕೈಯಲ್ಲಿ ಹಿಡಿದು ಓಡಾಡಿದ್ದ, ಪುಣ್ಯಾತ್ಮ.

"ಅಹಲ್ಯಾ," ಎಂದು ಓದಿದಳು ವಿಮಲಾ. "ಯಾರಿದು?"

"ಗೊತ್ತಿಲ್ಲ," ಎಂದ ಸೋಮಣ್ಣ. "ಆ ಹೆಸರಿನವರು ನಮಗೆ ಯಾರೂ ಇಲ್ಲ. ಅಲ್ವಾ ಅವ್ವ?"

ಮಾಚಮ್ಮ ಕೈ ಚಾಚಿ ಲೋಟ ಇಸಿದುಕೊಂಡರು. ಕೊರೆದ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದರು. ನಿನ್ನೆ ಸಂಜೆ ತಾವು ಎಲ್ಲಿದ್ದೆವೆಂದು ಅವರಿಗೆ ನೆನಪಿರಲಿಲ್ಲ. ಈ ಹೆಸರು ನೆನಪಿತ್ತು. ಅದು ಅವರ ಮುಖದ ಮೇಲೆ ಅಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು.

"ಸೋಮಾ," ಎಂದರು. ಹಿಡಿದಿದ್ದ ಮಗನ ಕೈಯನ್ನು ಮೆಲ್ಲಗೆ ಬಿಟ್ಟರು. "ನೀನು ಸ್ವಲ್ಪ ಹೊರಗೆ ಹೋಗು ಮಗನೇ. ಬಾಗಿಲು ಹಾಕ್ಕೊಂಡು ಹೋಗು."

"ಯಾಕವ್ವ?"

"ಹೋಗು ಅಂದೆ."

ಬಾಗಿಲು ಮುಚ್ಚಿತು. ಕಿಟಕಿಯಾಚೆ ಮಂಜು ಮತ್ತೆ ಇಳಿಯತೊಡಗಿತ್ತು. ಹೊತ್ತು ಮುಳುಗಲು ಇನ್ನು ಅರ್ಧ ಗಂಟೆ. ಮಾಚಮ್ಮ ಮುಚ್ಚಿದ ಬಾಗಿಲನ್ನು ಒಮ್ಮೆ ನೋಡಿ, ಮಡಿಲಲ್ಲಿದ್ದ ಕೀಯನ್ನು ತೆಗೆದು ವಿಮಲಾಳ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಚಿದರು.

"ಅವಳು ಬರೋಷ್ಟರಲ್ಲಿ ನಾನು ಮತ್ತೆ ಎಲ್ಲಾ ಮರೆತಿರ್ತೀನಿ," ಎಂದರು. "ಅದಕ್ಕೇ ಈಗಲೇ ಹೇಳ್ತೀನಿ, ಕೇಳು. ಸೋಮನ್ನ ಹೆತ್ತವಳು ನಾನಲ್ಲ."